ಅಂಗಡಿಯಿಂದ ತಂದ ನೀಲಿ ಅಂಗಿ

ಫುಟ್ಬಾಲ್ ಆಡುವ ಪ್ರತಿಯೊಂದು ದೇಶದ ತಂಡಕ್ಕೂ ಎರಡು ಅಂಗಿಗಳಿರುತ್ತವೆ. ಮೊದಲನೆಯದು ಬಾವುಟದಿಂದಲೋ ಚರಿತ್ರೆಯಿಂದಲೋ ಬಂದ ಬಣ್ಣದ್ದು. ಮಕ್ಕಳು ಆಟಗಾರನ ಚಿತ್ರ ಬರೆಯುವಾಗ ಆ ಬಣ್ಣವನ್ನೇ ತುಂಬುತ್ತಾರೆ. ಎರಡನೆಯದು ಅನಿವಾರ್ಯಕ್ಕೆ ಹುಟ್ಟಿದ ಕೂಸು. ಎರಡು ತಂಡಗಳ ಅಂಗಿ ಒಂದೇ ಥರ ಕಂಡರೆ ರೆಫರಿಗೂ ಪ್ರೇಕ್ಷಕರಿಗೂ ಗೊಂದಲ. ಆಗ ಒಂದು ತಂಡ ತನ್ನ ಬಣ್ಣವನ್ನು ಮಡಿಚಿಟ್ಟು ಬೇರೆಯದನ್ನು ತೊಡಬೇಕಾಗುತ್ತದೆ. ಹಬ್ಬಕ್ಕೆ ತೊಟ್ಟ ಬಟ್ಟೆಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಪ್ರಯಾಣಕ್ಕೆ ತೊಟ್ಟ ಬಟ್ಟೆಯನ್ನು ಯಾರು ನೆನೆಯುತ್ತಾರೆ? ಆದರೆ ಚರಿತ್ರೆ ಒಮ್ಮೊಮ್ಮೆ ಪ್ರಯಾಣದ ಬಟ್ಟೆಯಲ್ಲೇ ನಡೆದುಹೋಗುತ್ತದೆ. ಅರ್ಜೆಂಟೀನಾ ದೇಶದ ಎರಡನೆಯ ಅಂಗಿಯ ಕಥೆ ಅಂಥದ್ದು.

ಅರ್ಜೆಂಟೀನಾದ ಮೊದಲ ಅಂಗಿಯನ್ನು ಪರಿಚಯಿಸಬೇಕಾಗಿಲ್ಲ. ಆಕಾಶನೀಲಿ ಮತ್ತು ಬಿಳಿಯ ಉದ್ದ ಪಟ್ಟೆಗಳು. ಮ್ಯಾನುಯೆಲ್ ಬೆಲ್ಗ್ರಾನೊ ಎಂಬ ಸ್ವಾತಂತ್ರ್ಯ ಹೋರಾಟಗಾರ 1812ರಲ್ಲಿ ಹಾರಿಸಿದ ಬಾವುಟದ ಬಣ್ಣಗಳವು. ಎರಡನೆಯ ಅಂಗಿ ಬಹುಕಾಲದಿಂದ ಹೆಚ್ಚಾಗಿ ಕಡುನೀಲಿಯದು. ಹಾಗಂತ ಅದು ಯಾವಾಗಲೂ ಪೆಟ್ಟಿಗೆಯಲ್ಲಿ ಸಿದ್ಧವಾಗಿರುತ್ತಿತ್ತು ಎಂದಲ್ಲ. 1958ರಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್ ನಡೆದಾಗ ಅರ್ಜೆಂಟೀನಾದ ಮೊದಲ ಪಂದ್ಯ ಪಶ್ಚಿಮ ಜರ್ಮನಿಯ ಎದುರು ಮಾಲ್ಮೊ ಪಟ್ಟಣದಲ್ಲಿ ಇತ್ತು. ಬಣ್ಣ ಹೊಂದಿಕೆಯಾಗಲಿಲ್ಲ. ಕೊನೆಗೆ ಆ ಊರಿನ ಐಎಫ್‌ಕೆ ಮಾಲ್ಮೊ ಕ್ಲಬ್ಬಿನ ಹಳದಿ ಅಂಗಿಗಳನ್ನು ಎರವಲು ತಂದು ತೊಟ್ಟುಕೊಂಡು ಆಡಿದರು. 3-1ರಲ್ಲಿ ಸೋತರು. ಇಪ್ಪತ್ತು ವರ್ಷಗಳ ಬಳಿಕ, 1978ರಲ್ಲಿ, ಅರ್ಜೆಂಟೀನಾವೇ ಆತಿಥೇಯ ರಾಷ್ಟ್ರವಾಗಿದ್ದಾಗ ಮಾರ್ ಡೆಲ್ ಪ್ಲಾಟಾ ಪಟ್ಟಣದಲ್ಲಿ ಫ್ರಾನ್ಸ್ ಮತ್ತು ಹಂಗೇರಿ ಎರಡೂ ಬಿಳಿ ಅಂಗಿಯಲ್ಲಿ ಬಂದು ನಿಂತವು. ಅಲ್ಲಿನ ಕಿಂಬರ್ಲಿ ಎಂಬ ಸ್ಥಳೀಯ ಕ್ಲಬ್ಬಿನಿಂದ ಹಸಿರು-ಬಿಳಿ ಪಟ್ಟೆಯ ಅಂಗಿಗಳನ್ನು ತರಿಸಿ ಫ್ರಾನ್ಸ್ ಆಡಿತು, 3-1ರಲ್ಲಿ ಗೆದ್ದಿತು. ದೊಡ್ಡ ದೇಶಗಳ ಮಾನವನ್ನು ಸಣ್ಣ ಊರಿನ ಕ್ಲಬ್ಬುಗಳು ಕಾಪಾಡಿದ ಪ್ರಸಂಗಗಳಿವು.

ಇಷ್ಟೊಂದು ಗೊಂದಲಕ್ಕೆ ಒಂದು ಕಾರಣ ಟೆಲಿವಿಷನ್. ಮೈದಾನದಲ್ಲಿ ಕುಳಿತವನಿಗೆ ಕೆಂಪೂ ನೀಲಿಯೂ ಬೇರೆ ಬೇರೆ. ಕಪ್ಪು-ಬಿಳುಪು ಪರದೆಯ ಮುಂದೆ ಕುಳಿತವನಿಗೆ ಎರಡೂ ಒಂದೇ ಬೂದು. ಹಾಗಾಗಿ ಒಂದು ತಂಡ ತಿಳಿ, ಇನ್ನೊಂದು ಗಾಢ ಎಂಬುದು ವಿಶ್ವಕಪ್ಪಿನಲ್ಲಿ ಬಹುಪಾಲು ನಿಯಮವೇ ಆಯಿತು. ತಿಳಿಬಣ್ಣದ ಪಟ್ಟೆಯ ಅರ್ಜೆಂಟೀನಾ ಬಿಳಿ ತೊಡುವ ತಂಡವನ್ನು ಎದುರಿಸಿದಾಗಲೆಲ್ಲ ಇಬ್ಬರಲ್ಲೊಬ್ಬರು ಬದಲಾಗಲೇಬೇಕಿತ್ತು.

1986ರ ವಿಶ್ವಕಪ್ ಮೆಕ್ಸಿಕೊದಲ್ಲಿ ನಡೆಯಿತು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಊರುಗಳು, ಉಸಿರಿಗೆ ಸಾಲದ ಗಾಳಿ. ಯುರೋಪಿನ ಟಿವಿ ವೀಕ್ಷಕರ ಅನುಕೂಲಕ್ಕಾಗಿ ನಡುಮಧ್ಯಾಹ್ನದ ಬಿಸಿಲಿನಲ್ಲಿ ಪಂದ್ಯಗಳು. ಅರ್ಜೆಂಟೀನಾದ ತರಬೇತುದಾರ ಕಾರ್ಲೊಸ್ ಬಿಲಾರ್ಡೊ ಸಣ್ಣ ವಿಷಯಗಳಿಗೂ ತಲೆಕೆಡಿಸಿಕೊಳ್ಳುವ ಮನುಷ್ಯ. ಅವರ ಒತ್ತಾಯಕ್ಕೆ ಲೆ ಕಾಕ್ ಸ್ಪೋರ್ಟಿಫ್ ಎಂಬ ಫ್ರೆಂಚ್ ಕಂಪೆನಿ ಪಟ್ಟೆ ಅಂಗಿಯನ್ನು ಗಾಳಿಯಾಡುವ ಸಣ್ಣ ಸಣ್ಣ ರಂಧ್ರಗಳ ಹಗುರ ಬಟ್ಟೆಯಲ್ಲಿ ಮಾಡಿಕೊಟ್ಟಿತ್ತು. ಎರಡನೆಯ ಅಂಗಿಗೆ ಆ ಭಾಗ್ಯ ಇರಲಿಲ್ಲ. ಅದು ಸಾದಾ ದಪ್ಪ ಹತ್ತಿಯದು.

ಜೂನ್ 16ರಂದು ಪ್ಯೂಬ್ಲಾದಲ್ಲಿ ಉರುಗ್ವೆಯ ಎದುರು ಆಡುವಾಗ ತಂಡ ಈ ನೀಲಿ ಅಂಗಿ ತೊಟ್ಟಿತು. ಪಂದ್ಯವನ್ನು 1-0ಯಿಂದ ಗೆದ್ದರೂ, ಬೆವರು ಮತ್ತು ಮಳೆಯಲ್ಲಿ ನೆನೆದ ಅಂಗಿ ಒದ್ದೆ ಕಂಬಳಿಯಂತೆ ಮೈಗೆ ಜೋತುಬಿತ್ತು. ಮುಂದಿನ ಎದುರಾಳಿ ಇಂಗ್ಲೆಂಡ್, ಅವರದು ಬಿಳಿ ಅಂಗಿ. ಅಂದರೆ ಮತ್ತೆ ನೀಲಿಯೇ. ನಡುವೆ ಉಳಿದದ್ದು ಕೆಲವೇ ದಿನ. ಅಷ್ಟರಲ್ಲಿ ಹಗುರ ಅಂಗಿ ತಯಾರಿಸಿ ಕಳಿಸುವುದು ಕಂಪೆನಿಗೆ ಆಗಲಿಲ್ಲ. ಬಿಲಾರ್ಡೊ ಸ್ವತಃ ಕತ್ತರಿ ಹಿಡಿದು ದಪ್ಪ ಅಂಗಿಗೆ ತೂತು ಕೊರೆದು ನೋಡಿದರು ಎನ್ನುತ್ತಾರೆ. ಕೊನೆಗೆ ರೂಬೆನ್ ಮೊಸ್ಕೆಲ್ಲಾ ಎಂಬ ಸಿಬ್ಬಂದಿಯನ್ನು ಮೆಕ್ಸಿಕೊ ನಗರದ ಅಂಗಡಿಗಳಿಗೆ ಅಟ್ಟಿದರು. ಅವರು ಅಂಗಡಿ ಅಂಗಡಿ ಸುತ್ತಿ ಎರಡು ಬಗೆಯ ನೀಲಿ ಅಂಗಿಗಳನ್ನು ಹಿಡಿದುಕೊಂಡು ಬಂದರು. ಯಾವುದೆಂದು ತೀರ್ಮಾನಿಸಲಾಗದೆ ಎಲ್ಲರೂ ನಿಂತಿದ್ದಾಗ ಡಿಯಾಗೊ ಮರಡೋನಾ ಅಲ್ಲಿಗೆ ಬಂದರಂತೆ. ಒಂದರತ್ತ ಬೆರಳು ತೋರಿಸಿ, ಇದು ಚೆನ್ನಾಗಿದೆ, ಇದರಲ್ಲೇ ಇಂಗ್ಲೆಂಡನ್ನು ಸೋಲಿಸೋಣ ಎಂಬ ಅರ್ಥದ ಮಾತಾಡಿದರಂತೆ. ಅಲ್ಲಿಗೆ ವಿನ್ಯಾಸ ಮುಗಿಯಿತು. ಮೊಸ್ಕೆಲ್ಲಾ ಮತ್ತೆ ಅಂಗಡಿಗೆ ಹೋಗಿ 38 ಅಂಗಿ ಕೊಂಡು ತಂದರು.

ಅಂಗಡಿಯ ಅಂಗಿಗೆ ದೇಶದ ಗುರುತು ಬೇಕಲ್ಲ? ತಂಡ ಬೀಡುಬಿಟ್ಟಿದ್ದದ್ದು ಮೆಕ್ಸಿಕೊ ನಗರದ ಅಮೆರಿಕಾ ಎಂಬ ಕ್ಲಬ್ಬಿನ ತರಬೇತಿ ಆವರಣದಲ್ಲಿ. ಅಲ್ಲಿಯ ಹೊಲಿಗೆಯ ಹೆಂಗಸರು ಕುಳಿತು ಅರ್ಜೆಂಟೀನಾ ಫುಟ್ಬಾಲ್ ಸಂಸ್ಥೆಯ ಲಾಂಛನಗಳನ್ನು ಅಂಗಿಗಳಿಗೆ ಹೊಲಿದರು. ಅವಸರದಲ್ಲಿ ಸಿಕ್ಕಿದ್ದು ಹಳೆಯ ಲಾಂಛನ. ಅದರಲ್ಲಿ ಎಲೆಗಳ ಹಾರ ಇರಲಿಲ್ಲ. ಬೆನ್ನಿಗೆ ಬೇಕಾದ ಅಂಕಿಗಳೂ ಇರಲಿಲ್ಲ. ಅಮೆರಿಕನ್ ಫುಟ್ಬಾಲಿನ ಅಂಗಿಗಳಿಗೆ ಬಳಸುವ ಬೆಳ್ಳಿಬಣ್ಣದ ಹೊಳೆಯುವ ಅಂಕಿಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಅಂಟಿಸಿದರು. ಮದುವೆಯ ಹಿಂದಿನ ರಾತ್ರಿ ದರ್ಜಿಯ ಅಂಗಡಿಯಲ್ಲಿ ನಡೆಯುವಂಥ ಗಡಿಬಿಡಿ ಅದು. ದರ್ಜಿಯ ಹೆಸರು ಮದುವೆಯ ಕರೆಯೋಲೆಯಲ್ಲಿ ಇರುವುದಿಲ್ಲ, ಈ ಹೆಂಗಸರ ಹೆಸರೂ ಪಂದ್ಯದ ದಾಖಲೆಗಳಲ್ಲಿ ಬರಲಿಲ್ಲ.

ಈ ಪಂದ್ಯ ಬರಿಯ ಕ್ವಾರ್ಟರ್‌ಫೈನಲ್ ಆಗಿರಲಿಲ್ಲ ಎಂಬುದನ್ನು ತಿಳಿಯಲು ನಾಲ್ಕು ವರ್ಷ ಹಿಂದೆ ಹೋಗಬೇಕು. 1982ರ ಏಪ್ರಿಲ್ 2ರಂದು ಅರ್ಜೆಂಟೀನಾದ ಸೇನಾಡಳಿತ ಬ್ರಿಟನ್ನಿನ ವಶದಲ್ಲಿದ್ದ ಫಾಕ್ಲೆಂಡ್ ದ್ವೀಪಗಳಿಗೆ ಸೈನ್ಯ ನುಗ್ಗಿಸಿತು. ಅರ್ಜೆಂಟೀನಾದವರ ಬಾಯಲ್ಲಿ ಅವು ಮಾಲ್ವಿನಾಸ್. 74 ದಿನಗಳ ಯುದ್ಧದಲ್ಲಿ ಅರ್ಜೆಂಟೀನಾದ 649 ಮಂದಿ, ಬ್ರಿಟನ್ನಿನ 255 ಮಂದಿ, ದ್ವೀಪದ ಮೂವರು ನಿವಾಸಿಗಳು ಸತ್ತರು. ಅರ್ಜೆಂಟೀನಾದ ಸೈನಿಕರಲ್ಲಿ ಬಹಳಷ್ಟು ಮಂದಿ ಕಡ್ಡಾಯ ಸೇವೆಗೆ ಎಳೆದು ತಂದ ಹದಿನೆಂಟು, ಹತ್ತೊಂಬತ್ತರ ಹುಡುಗರು. ಮರಡೋನಾ ಹುಟ್ಟಿದ್ದು 1960ರಲ್ಲಿ. ಆ ಹುಡುಗರು ಅವರಿಗಿಂತ ಎರಡು ಮೂರು ವರ್ಷ ಚಿಕ್ಕವರು.

ದಕ್ಷಿಣ ಅಟ್ಲಾಂಟಿಕ್‌ನ ಚಳಿಗೆ ಆ ಹುಡುಗರ ಮೈಮೇಲೆ ಸಾಕಷ್ಟು ಬಟ್ಟೆ ಇರಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಹೆಂಗಸರು ಸಾರ್ವಜನಿಕ ಸ್ಥಳಗಳಲ್ಲಿ ಕುಳಿತು ಅವರಿಗಾಗಿ ಉಣ್ಣೆಯ ಸ್ವೆಟರು, ಮಫ್ಲರು ಹೆಣೆದರು. ಟೆಲಿವಿಷನ್ನಿನಲ್ಲಿ ಇಡೀ ದಿನ ಕಾರ್ಯಕ್ರಮ ನಡೆಸಿ ಚಿನ್ನ, ಹಣ ಒಟ್ಟುಮಾಡಿದರು. ಆ ಕೊಡುಗೆಗಳಲ್ಲಿ ಹೆಚ್ಚಿನವು ಹುಡುಗರ ಕೈಗೆ ತಲುಪಲೇ ಇಲ್ಲ. 1982ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ತನ್ನ ಮೊದಲ ಪಂದ್ಯ ಆಡಿದ್ದು ಜೂನ್ 13ರಂದು, ಬಾರ್ಸಿಲೋನಾದಲ್ಲಿ, ಬೆಲ್ಜಿಯಂ ಎದುರು. ಸೋತರು. ಮರುದಿನ, ಜೂನ್ 14ರಂದು, ದ್ವೀಪದಲ್ಲಿ ಸೈನ್ಯ ಶರಣಾಯಿತು. ಮುಂದಿನ ವರ್ಷ ಸೇನಾಡಳಿತವೂ ಕೊನೆಗೊಂಡಿತು. ಹೆತ್ತವರ ಮನೆಗಳಲ್ಲಿ ಖಾಲಿಯಾದ ಜಾಗಗಳು ಮಾತ್ರ ಹಾಗೆಯೇ ಉಳಿದವು.

ಇಂಥ ಹಿನ್ನೆಲೆಯಲ್ಲಿ 1986ರ ಜೂನ್ 22ರಂದು ಮಧ್ಯಾಹ್ನ 12 ಗಂಟೆಗೆ ಅಜ್ಟೆಕಾ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಎದುರು ಎರಡು ತಂಡಗಳು ನಿಂತವು. ಆಟ ಬೇರೆ, ರಾಜಕೀಯ ಬೇರೆ ಎಂದು ಆಟಗಾರರು ಪತ್ರಕರ್ತರಿಗೆ ಹೇಳಿದ್ದರು. ಅದು ಬಾಯಿಮಾತು, ಎದೆಯೊಳಗೆ ಇದ್ದದ್ದು ಸತ್ತ ಹುಡುಗರ ನೆನಪು ಎಂದು ಮರಡೋನಾ ವರ್ಷಗಳ ಬಳಿಕ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ನಮ್ಮಲ್ಲಿ ಆಗ ರಾತ್ರಿ ಹನ್ನೊಂದೂವರೆ. ದೂರದರ್ಶನ ಆ ವಿಶ್ವಕಪ್ಪನ್ನು ನೇರವಾಗಿ ತೋರಿಸಿತ್ತು. ಕಪ್ಪು-ಬಿಳುಪು ಟಿವಿಗಳೇ ಹೆಚ್ಚಾಗಿದ್ದ ಆ ಕಾಲದಲ್ಲಿ ನಾವು ಈ ನೀಲಿಯನ್ನು ನೀಲಿಯಾಗಿ ಕಾಣಲಿಲ್ಲ. ಬಿಳಿ ಅಂಗಿಗಳ ನಡುವೆ ನುಗ್ಗುವ ಕಪ್ಪು ಅಂಗಿಗಳು ಮಾತ್ರ ಕಂಡವು. ಅಂಗಿಯ ನಿಜವಾದ ಬಣ್ಣ ಗೊತ್ತಾದದ್ದು ಆಮೇಲೆ, ಪತ್ರಿಕೆಗಳ ಬಣ್ಣದ ಚಿತ್ರಗಳಿಂದ.

51ನೆಯ ನಿಮಿಷದಲ್ಲಿ ಇಂಗ್ಲೆಂಡಿನ ಸ್ಟೀವ್ ಹಾಜ್ ಚೆಂಡನ್ನು ತನ್ನ ಗೋಲಿಯತ್ತಲೇ ಮೇಲಕ್ಕೆ ಒದ್ದರು. ಗೋಲಿ ಪೀಟರ್ ಶಿಲ್ಟನ್ ಜೊತೆಗೇ ಜಿಗಿದ ಮರಡೋನಾ ಎಡಗೈಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಟ್ಯುನಿಷಿಯಾದ ರೆಫರಿ ಅಲಿ ಬಿನ್ ನಾಸರ್ ತಮ್ಮ ಲೈನ್ಸ್‌ಮನ್ ಕಡೆ ನೋಡಿದರು, ಬಾವುಟ ಮೇಲೇಳಲಿಲ್ಲ, ಗೋಲ್ ಕೊಟ್ಟರು. ದೇವರ ಕೈ ಎಂಬ ಹೆಸರು ಆ ಗೋಲಿಗೆ ಅಂಟಿಕೊಂಡಿತು. ಮನುಷ್ಯ ತನ್ನ ಕೈ ಮಾಡಿದ ತಪ್ಪನ್ನು ದೇವರ ಕೈಗೆ ವಹಿಸುವುದು ಮೈದಾನದಲ್ಲಿ ಮಾತ್ರ ನಡೆಯುವುದಲ್ಲ ಎಂಬುದು ನಮಗೆಲ್ಲ ಗೊತ್ತು. ನಾಲ್ಕೇ ನಿಮಿಷಗಳ ಬಳಿಕ ಅದೇ ಮನುಷ್ಯ ತನ್ನ ಅರ್ಧ ಅಂಗಳದಿಂದ ಚೆಂಡನ್ನು ಕಾಲಿಗೆ ಕಟ್ಟಿಕೊಂಡವನಂತೆ ಓಡಿ, ಎದುರಾದವರನ್ನು ಒಬ್ಬೊಬ್ಬರನ್ನಾಗಿ ದಾಟಿ, ಗೋಲಿಯನ್ನೂ ದಾಟಿ ಇನ್ನೊಂದು ಗೋಲ್ ಹೊಡೆದರು. 2002ರಲ್ಲಿ ಫಿಫಾ ನಡೆಸಿದ ಮತದಾನದಲ್ಲಿ ಜನ ಅದನ್ನು ಶತಮಾನದ ಗೋಲ್ ಎಂದು ಆರಿಸಿದರು. ಗ್ಯಾರಿ ಲಿನೆಕರ್ ಒಂದು ಗೋಲ್ ಹಿಂತಿರುಗಿಸಿದರೂ ಪಂದ್ಯ 2-1ಕ್ಕೆ ಮುಗಿಯಿತು. ಒಂದೇ ಅಂಗಿ, ನಾಲ್ಕು ನಿಮಿಷಗಳ ಅಂತರ. ಒಂದು ಮೋಸ, ಒಂದು ಅದ್ಭುತ. ಅಂಗಡಿಯ ಆ ಬಟ್ಟೆ ಎರಡನ್ನೂ ಹೊತ್ತುಕೊಂಡಿತು.

ವಿಶ್ವಕಪ್ ಗೆದ್ದದ್ದು ಮಾತ್ರ ಆ ಅಂಗಿಯಲ್ಲಲ್ಲ. ಜೂನ್ 29ರ ಫೈನಲಿನಲ್ಲಿ ಪಶ್ಚಿಮ ಜರ್ಮನಿ ತನ್ನ ಬಿಳಿಯನ್ನು ಬಿಟ್ಟು ಹಸಿರು ತೊಟ್ಟಿತು, ಅರ್ಜೆಂಟೀನಾ ತನ್ನ ಪಟ್ಟೆಯಲ್ಲೇ 3-2ರಿಂದ ಗೆದ್ದಿತು. 1990ರಲ್ಲಿ ರೋಮಿನಲ್ಲಿ ಅದೇ ಎರಡು ತಂಡಗಳ ನಡುವೆ ಮತ್ತೆ ಫೈನಲ್. ಈ ಸಲ ಬಿಳಿ ಜರ್ಮನಿಯದು, ಕಡುನೀಲಿ ಅರ್ಜೆಂಟೀನಾದ್ದು. 85ನೆಯ ನಿಮಿಷದ ಪೆನಾಲ್ಟಿಯಿಂದ ಅರ್ಜೆಂಟೀನಾ ಸೋತಿತು, ಅದರ ಇಬ್ಬರು ಆಟಗಾರರು ಕೆಂಪು ಕಾರ್ಡ್ ಪಡೆದು ಹೊರನಡೆದರು. 1998ರ ಜೂನ್ 30ರಂದು ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಮತ್ತೆ ಇಂಗ್ಲೆಂಡ್ ಎದುರಾದಾಗ ಕಡುನೀಲಿಯೇ ಹೊರಬಂತು. 2-2ರ ಸಮಬಲ, ಡೇವಿಡ್ ಬೆಕಮ್‌ಗೆ ಕೆಂಪು ಕಾರ್ಡ್, ಪೆನಾಲ್ಟಿಯಲ್ಲಿ ಅರ್ಜೆಂಟೀನಾಕ್ಕೆ ಜಯ. 2006ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯೆದುರು ಪೆನಾಲ್ಟಿಯಲ್ಲಿ ಸೋಲು. 2014ರ ಜುಲೈ 13ರಂದು ಮಾರಕಾನಾದಲ್ಲಿ ಫೈನಲ್, ಮತ್ತೆ ಜರ್ಮನಿ, ಮತ್ತೆ ಕಡುನೀಲಿ, 113ನೆಯ ನಿಮಿಷದಲ್ಲಿ ಮಾರಿಯೊ ಗೋಟ್ಸೆಯ ಗೋಲಿನಿಂದ ಸೋಲು.

1978, 1986, 2022, ಅರ್ಜೆಂಟೀನಾ ಕಪ್ ಎತ್ತಿದ ಮೂರು ಫೈನಲುಗಳೂ ಪಟ್ಟೆ ಅಂಗಿಯಲ್ಲಿ. ಕಡುನೀಲಿಯಲ್ಲಿ ಆಡಿದ ಎರಡೂ ಫೈನಲುಗಳಲ್ಲಿ ಸೋಲು. ಶಕುನ ನೋಡುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ 1930ರ ಫೈನಲನ್ನು ಪಟ್ಟೆ ತೊಟ್ಟೇ ಸೋತರು ಎಂಬುದನ್ನು ಅವರು ಮರೆಯುತ್ತಾರೆ. ನೀಲಿ ಹೊರಬರುತ್ತಿದ್ದದ್ದು ಹೆಚ್ಚಾಗಿ ಬಿಳಿ ತೊಡುವ ಬಲಿಷ್ಠ ಎದುರಾಳಿ ಸಿಕ್ಕಾಗ. ಸೋಲಿನ ಲೆಕ್ಕವನ್ನು ಆಟದಲ್ಲಿ ಹುಡುಕಬೇಕೇ ಹೊರತು ಅಂಗಿಯ ಬಣ್ಣದಲ್ಲಲ್ಲ.

ಅಜ್ಟೆಕಾದ ಆ ಅಂಗಿ ಏನಾಯಿತು? ಮೊದಲ ಗೋಲಿಗೆ ಅರಿವಿಲ್ಲದೆ ಚೆಂಡು ಒದಗಿಸಿದ ಸ್ಟೀವ್ ಹಾಜ್ ಪಂದ್ಯ ಮುಗಿದ ಮೇಲೆ ಮರಡೋನಾ ಜೊತೆ ಅಂಗಿ ಬದಲಿಸಿಕೊಂಡಿದ್ದರು. ಅದು ವರ್ಷಗಳ ಕಾಲ ಅವರ ಮನೆಯಲ್ಲಿತ್ತು, ಆಮೇಲೆ ಇಂಗ್ಲೆಂಡಿನ ಫುಟ್ಬಾಲ್ ವಸ್ತುಸಂಗ್ರಹಾಲಯದ ಗಾಜಿನೊಳಗೆ. 2020ರ ನವೆಂಬರಿನಲ್ಲಿ ಮರಡೋನಾ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ ಆ ಅಂಗಿ ಸುಮಾರು 71 ಲಕ್ಷ ಪೌಂಡಿಗೆ ಮಾರಾಟವಾಯಿತು. ರೂಪಾಯಿ ಲೆಕ್ಕದಲ್ಲಿ 65 ಕೋಟಿಗೂ ಹೆಚ್ಚು. ಅದೇ ವರ್ಷದ ಕೊನೆಯಲ್ಲಿ ಅಲಿ ಬಿನ್ ನಾಸರ್ ತಾವು ಜೋಪಾನ ಮಾಡಿಟ್ಟಿದ್ದ ಪಂದ್ಯದ ಚೆಂಡನ್ನು ಹರಾಜಿಗಿಟ್ಟರು. ಅದಕ್ಕೆ 20 ಲಕ್ಷ ಪೌಂಡ್ ಬಂತು. 2015ರಲ್ಲಿ ಮರಡೋನಾ ಟ್ಯುನಿಷಿಯಾಕ್ಕೆ ಹೋದಾಗ ಈ ಹಳೆಯ ರೆಫರಿಯ ಮನೆಗೆ ಹೋಗಿ ಒಂದು ಅಂಗಿಗೆ ಸಹಿ ಹಾಕಿ ಕೊಟ್ಟಿದ್ದರು. ಆ ಅಂಗಿಗೆ ಬೆಲೆ ಕಟ್ಟುವುದು ಹೇಗೆ?

ಈಗ ಅಂಗಿಗಳು ಹುಟ್ಟುವ ರೀತಿ ಬದಲಾಗಿದೆ. 2022ರ ವಿಶ್ವಕಪ್ಪಿಗಾಗಿ ಅಡಿಡಾಸ್ ಕಂಪೆನಿ ಅರ್ಜೆಂಟೀನಾಕ್ಕೆ ನೇರಳೆ ಬಣ್ಣದ ಎರಡನೆಯ ಅಂಗಿ ಮಾಡಿಕೊಟ್ಟಿತು. ಅದು ಲಿಂಗಸಮಾನತೆಯ ಸಂಕೇತ ಎಂದು ಮಾರಾಟಕ್ಕೆ ಮೊದಲೇ ಸಾರಿತು. ಆಶಯ ಒಳ್ಳೆಯದು, ನಮ್ಮ ತಕರಾರಿಲ್ಲ. ಆದರೆ ಅರ್ಥವನ್ನು ಬೆಲೆಚೀಟಿಯ ಜೊತೆ ಅಂಟಿಸಿ ಕೊಡುವ ಅಂಗಿಗೂ, ಅರ್ಥವೇ ಇಲ್ಲದೆ ಅಂಗಡಿಯ ಕಪಾಟಿನಲ್ಲಿ ಮಡಿಚಿಟ್ಟಿದ್ದು, ಆಮೇಲೆ ಒಂದು ದೇಶದ ದುಃಖವನ್ನೂ ಹೆಮ್ಮೆಯನ್ನೂ ಹೀರಿಕೊಂಡ ಅಂಗಿಗೂ ವ್ಯತ್ಯಾಸವಿದೆ. 1982ರಲ್ಲಿ ಹೆಂಗಸರು ಹೆಣೆದ ಸ್ವೆಟರುಗಳು ಚಳಿಯಲ್ಲಿ ನಡುಗುತ್ತಿದ್ದ ಹುಡುಗರನ್ನು ತಲುಪಲಿಲ್ಲ. 1986ರಲ್ಲಿ ಹೆಂಗಸರು ಲಾಂಛನ ಹೊಲಿದ ಅಂಗಿಗಳು ಆಟಗಾರರನ್ನು ಸಕಾಲಕ್ಕೆ ತಲುಪಿದವು. ಸತ್ತವರು ಆ ಗೆಲುವಿನಿಂದ ಮರಳಲಿಲ್ಲ. ಯುದ್ಧದ ಸೋಲನ್ನು ಆಟ ತೀರಿಸುತ್ತದೆ ಎಂದು ನಂಬುವುದು ಸತ್ತವರಿಗೂ ನ್ಯಾಯವಲ್ಲ, ಆಟಕ್ಕೂ ನ್ಯಾಯವಲ್ಲ. ಆದರೂ ಅಂದು ಬ್ಯೂನಸ್ ಐರಿಸ್‌ನ ಬೀದಿಗಳಲ್ಲಿ ಜನ ಅತ್ತದ್ದು ಬರಿಯ ಎರಡು ಗೋಲುಗಳಿಗಾಗಿ ಇರಲಾರದು.

ಹರಾಜಿನಲ್ಲಿ ಜನ ಬೆಲೆ ಕಟ್ಟಿದ್ದು ಮರಡೋನಾ ತೊಟ್ಟ ಅಂಗಿಗೆ. ಅದರ ಎದೆಯ ಮೇಲಿನ ಲಾಂಛನದಲ್ಲಿ ಎಲೆಗಳ ಹಾರ ಇಲ್ಲ. ಅದರ ಸುತ್ತಲಿನ ಹೊಲಿಗೆ ಮೆಕ್ಸಿಕೊದ ಹೆಂಗಸೊಬ್ಬಳು ಅವಸರದಲ್ಲಿ ಹಾಕಿದ್ದು. ಮೂವತ್ತಾರು ವರ್ಷಗಳ ಬಳಿಕವೂ ಅದು ಬಿಚ್ಚಿಕೊಂಡಿರಲಿಲ್ಲ.