ಕಣದಿಂದ ಕಿರಾಣಿ ಅಂಗಡಿಗೆ: ತಡವಳ ಸೀಮೆಯಲ್ಲಿ ಸರಕು ನಡೆದ ದಾರಿ

ಸೊಲ್ಲಾಪುರ, ಅಕ್ಕಲಕೋಟೆ ಪರಿಸರದ ಕನ್ನಡವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಾಸನ, ಶಾಲೆ ಹಾಗೂ ಗಡಿ ಎಂಬ ಮೂರು ವಿಷಯಗಳ ಸುತ್ತ ನಡೆದಿದೆ. ಶಾಸನಗಳು ಈ ನೆಲದ ಪ್ರಾಚೀನತೆಯನ್ನು ಹೇಳುತ್ತವೆ, ಶಾಲೆಗಳು ಇಂದಿನ ಸ್ಥಿತಿಯನ್ನು ತೋರಿಸುತ್ತವೆ, ಗಡಿಯ ವಿವಾದ ಇವೆರಡರ ನಡುವಣ ರಾಜಕಾರಣವನ್ನು ಬಿಚ್ಚಿಡುತ್ತದೆ. ಆದರೆ ಜನರು ದಿನನಿತ್ಯ ಭಾಷೆಯನ್ನು ಬಳಸುವ ದೊಡ್ಡ ಕ್ಷೇತ್ರವೊಂದು ಈ ಚರ್ಚೆಯಿಂದ ಹೊರಗೆ ಉಳಿದಿದೆ. ಅದು ಪೇಟೆ. ಹೊಲದಲ್ಲಿ ಬೆಳೆದ ಬಿಳಿಜೋಳ ಉಣ್ಣುವವನ ತಾಟನ್ನು ಸೇರುವ ಮುನ್ನ ಎಷ್ಟು ಕೈಗಳನ್ನು ದಾಟಿತು, ಪ್ರತಿಯೊಂದು ಕೈಯಲ್ಲಿ ಯಾವ ಅಳತೆಗೆ ಒಳಪಟ್ಟಿತು, ಯಾವ ಭಾಷೆಯಲ್ಲಿ ಅದರ ಬೆಲೆ ಹೇಳಲಾಯಿತು, ಯಾವ ಲಿಪಿಯಲ್ಲಿ ಅದರ ಲೆಕ್ಕ ಬರೆಯಲಾಯಿತು ಎಂಬುದು ಆರ್ಥಿಕ ಇತಿಹಾಸದ ಪ್ರಶ್ನೆಯಾಗಿರುವಷ್ಟೇ ಭಾಷೆಯ ಇತಿಹಾಸದ ಪ್ರಶ್ನೆಯೂ ಹೌದು. ಭೀಮೆಯ ದಂಡೆಯ ತಡವಳ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಈ ದಾರಿಯ ಮುಖ್ಯ ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೇಟೆಗೆ ಹೋಗದ ಸರಕು

ಸರಕಿನ ವಿತರಣೆ ಎಂದೊಡನೆ ನಾವು ಅಂಗಡಿಯನ್ನು ನೆನೆಯುತ್ತೇವೆ. ಆದರೆ ರೈಲು ಬರುವ ಮುಂಚಿನ ದಖ್ಖಣದ ಹಳ್ಳಿಯಲ್ಲಿ ಬೆಳೆಯ ದೊಡ್ಡ ಪಾಲು ಅಂಗಡಿಯನ್ನು ಕಾಣುತ್ತಲೇ ಇರಲಿಲ್ಲ. ರಾಶಿಯಾದ ದಿನ ಕಣದಲ್ಲಿಯೇ ಅದರ ಹಂಚಿಕೆ ಆರಂಭವಾಗುತ್ತಿತ್ತು. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ಕ್ಷೌರಿಕ ಮೊದಲಾದ ಆಯಗಾರರು ವರ್ಷವಿಡೀ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕಾಳನ್ನು ಪಡೆಯುತ್ತಿದ್ದರು. ಕನ್ನಡದಲ್ಲಿ ಆಯ ಎನ್ನುವುದನ್ನೇ ಮರಾಠಿ ಬಲುತೆ ಎಂದು ಕರೆಯುತ್ತದೆ. ಇಲ್ಲಿ ಕುಂಟೆ, ಕುಡ, ಮಡಕೆಗಳು ತಯಾರಿಸಿದವನಿಂದ ಬಳಸುವವನಿಗೆ ನೇರವಾಗಿ ಸಲ್ಲುತ್ತಿದ್ದವು. ನಡುವೆ ವ್ಯಾಪಾರಿಯೂ ಇಲ್ಲ, ನಗದೂ ಇಲ್ಲ. ಇದನ್ನು ಸೌಹಾರ್ದದ ಆದರ್ಶವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಆಯದ ಪ್ರಮಾಣವನ್ನು ನಿರ್ಧರಿಸುತ್ತಿದ್ದುದು ಜಾತಿಯ ಶ್ರೇಣಿ. ಕಣದ ಅಂಚಿನಲ್ಲಿ ಕೊನೆಗೆ ನಿಲ್ಲುತ್ತಿದ್ದವರಿಗೆ ಕೊನೆಯ ಪಾಲೇ ದಕ್ಕುತ್ತಿತ್ತು. ಆದರೂ ಅಳತೆ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು, ಲೆಕ್ಕ ಎಲ್ಲರಿಗೂ ತಿಳಿದ ಮಾತಿನಲ್ಲಿ ಇರುತ್ತಿತ್ತು ಎಂಬುದನ್ನು ಗಮನಿಸಬೇಕು.

ಉಳಿದ ಕಾಳು ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಈ ಕಣಜ ಬರಗಾಲಕ್ಕೆ ಹಳ್ಳಿಯು ತಾನೇ ಮಾಡಿಕೊಂಡ ಏರ್ಪಾಡು. ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ಸಾಗಿಸುವುದೇ ಮೊದಲ ಸಾಗಣೆಯಾಗಿತ್ತು. ಊರಿನಿಂದ ಊರಿಗೆ ಸಾಗಿಸುವುದು ಎರಡನೆಯದು.

ಹೇರು, ಸಂತೆ, ಸುಂಕ

ದೂರದ ವ್ಯಾಪಾರ ಇರಲಿಲ್ಲವೆಂದು ಇದರ ಅರ್ಥವಲ್ಲ. ಚಾಲುಕ್ಯ, ಕಲಚುರಿ, ಸೇವುಣರ ಕಾಲದ ಕನ್ನಡ ಶಾಸನಗಳು ಐನೂರ್ವರು, ನಾನಾದೇಸಿಗಳು ಮೊದಲಾದ ವಣಿಕ ಸಮೂಹಗಳನ್ನೂ ಎತ್ತಿನ ಹೇರಿಗೆ ವಿಧಿಸಿದ ಸುಂಕವನ್ನೂ ಉಲ್ಲೇಖಿಸುತ್ತವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ ಈ ನೆಲದ ಆಡಳಿತದಲ್ಲಿ ಕನ್ನಡಕ್ಕಿದ್ದ ಸ್ಥಾನವನ್ನು ಖಚಿತಪಡಿಸಿದೆ. ಭೀಮೆಯ ಆಚೆಯ ತರ್ದವಾಡಿ ಸಾವಿರ ನಾಡು ಹಾಗೂ ಈಚೆಯ ಸೊನ್ನಲಿಗೆ ಒಂದೇ ಭಾಷಾವಲಯದ ಭಾಗಗಳಾಗಿದ್ದವು. 12ನೆಯ ಶತಮಾನದ ಸಿದ್ಧರಾಮನ ಹೆಸರಿನಲ್ಲಿ ಸಂಕ್ರಾಂತಿಯ ಸಮಯದಲ್ಲಿ ನಡೆಯುವ ಸೊಲ್ಲಾಪುರದ ಜಾತ್ರೆಯಲ್ಲಿ ದನಗಳ ಸಂತೆಯೂ ಸೇರುವುದು ಭಕ್ತಿ ಮತ್ತು ವ್ಯಾಪಾರಗಳ ಹಳೆಯ ನಂಟನ್ನು ನೆನಪಿಸುತ್ತದೆ.

ಸಾಗಣೆಯ ಹೊಣೆ ಹೊತ್ತವರಲ್ಲಿ ಲಮಾಣಿಗಳು ಮುಖ್ಯರು. ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ಹೊರಕ್ಕೆ ಎತ್ತುಗಳ ಮೇಲೆ ಹೇರಿಕೊಂಡು ಅವರು ನಡೆಯುತ್ತಿದ್ದರು. ಬೆಲೆಗೆ ಹೋಲಿಸಿದರೆ ಭಾರವೇ ಹೆಚ್ಚಾದ ಜೋಳ ಈ ಬಗೆಯಲ್ಲಿ ಬಹುದೂರ ಸಾಗುವುದು ಲಾಭದಾಯಕವಾಗಿರಲಿಲ್ಲ. 19ನೆಯ ಶತಮಾನದಲ್ಲಿ ಈ ಸೀಮೆಯು ಬ್ರಿಟಿಷ್ ಸೊಲ್ಲಾಪುರ ಜಿಲ್ಲೆ, ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನ, ಪೂರ್ವದ ನಿಜಾಮರ ಪ್ರಾಂತ ಹೀಗೆ ಹಲವು ಆಳ್ವಿಕೆಗಳ ನಡುವೆ ಹಂಚಿಹೋಗಿತ್ತು. ಭೀಮೆಗಿಂತ ದಾಟಲು ಕಷ್ಟವಾದುದು ಈ ಆಡಳಿತದ ಎಲ್ಲೆಗಳೇ ಆಗಿದ್ದವು.

ಬರದಿಂದ ಬಂದ ರೈಲು

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಅದರೊಂದಿಗೆ ಸೊಲ್ಲಾಪುರ, ಸುತ್ತಲಿನ ಹಳ್ಳಿಗಳ ಸಂತೆಯೂರೆಂಬ ಸ್ಥಾನದಿಂದ ಮುಂಬಯಿಯ ಬಂದರಿಗೆ ಸರಕು ಕೂಡಿಸುವ ಕೇಂದ್ರವಾಗಿ ಬದಲಾಯಿತು. ಭೀಮೆಯ ದಕ್ಷಿಣದ ರೈತನಿಗೂ ಸಮೀಪದ ರೈಲು ಇಲ್ಲಿಯದೇ ಆಗಿದ್ದಿತು.

ಆದರೆ ಈ ಏರ್ಪಾಡಿನ ಮಿತಿ 1876–78ರ ಕ್ಷಾಮದಲ್ಲಿ ಬಯಲಾಯಿತು. ರೈಲು ಧಾನ್ಯವನ್ನು ಸೊಲ್ಲಾಪುರದವರೆಗೆ ತರಬಲ್ಲುದಾಗಿತ್ತು. ಅಲ್ಲಿಂದ ಮುಂದೆ ವಿಜಾಪುರದ ಕಡೆಗೆ ಒಯ್ಯಬೇಕಾದ ಚಕ್ಕಡಿಗಳಿಗೆ ಎತ್ತುಗಳೇ ಇರಲಿಲ್ಲ. ಮೇವಿಲ್ಲದೆ ಅವೂ ಸತ್ತಿದ್ದವು. ಧಾನ್ಯ ಇದ್ದೂ ಉಣ್ಣುವವನನ್ನು ಮುಟ್ಟದೆ ಹೋಗುವುದು ವಿತರಣೆಯ ಇತಿಹಾಸದಲ್ಲಿ ಅತ್ಯಂತ ಕಠೋರವಾದ ಪಾಠ. 1880ರ ಕ್ಷಾಮ ಆಯೋಗವು ದೇಶದಲ್ಲಿ 20,000 ಮೈಲಿಗಳಷ್ಟಾದರೂ ರೈಲುಮಾರ್ಗ ಇರಬೇಕೆಂದು ಹೇಳಿದ್ದು ಈ ಹಿನ್ನೆಲೆಯಲ್ಲಿಯೇ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿಯಿಂದ ತಡವಳವನ್ನು ಹಾದು, ಭೀಮೆಯನ್ನು ದಾಟಿ, ಇಂಡಿ, ವಿಜಾಪುರ, ಬಾಗಲಕೋಟೆಗಳ ಮೂಲಕ ಗದಗಿಗೆ ಮಾರ್ಗವನ್ನು ನಿರ್ಮಿಸಿತು. ತಡವಳದ ರೈಲುನಿಲ್ದಾಣದ ಮೂಲ ಇರುವುದು ಬರದಲ್ಲಿ.

ಈ ಮಾರ್ಗದಲ್ಲಿ ಒಂದು ತೊಡಕೂ ಇತ್ತು. ಮುಂಬಯಿಯ ಮಾರ್ಗ ಬ್ರಾಡ್ ಗೇಜ್, ಗದಗಿನ ಮಾರ್ಗ ಮೀಟರ್ ಗೇಜ್. ಆದುದರಿಂದ ಭೀಮಾತೀರದ ಚೀಲವೊಂದು ಮುಂಬಯಿಗೆ ಹೋಗಬೇಕಾದರೆ ಹೋಟಗಿಯಲ್ಲಿ ಒಂದು ಡಬ್ಬಿಯಿಂದ ಇಳಿದು ಇನ್ನೊಂದನ್ನು ಏರಬೇಕಾಗಿತ್ತು. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಉದುರಿದ ಕಾಳಿನ ನಷ್ಟ. ಈ ಖರ್ಚು ಕೊನೆಗೆ ರೈತನ ಬೆಲೆಯಿಂದಲೋ ಕೊಳ್ಳುವವನ ಕಿಸೆಯಿಂದಲೋ ಹೋಗಲೇಬೇಕು. ಗೇಜ್ ಪರಿವರ್ತನೆಯಾಗುವವರೆಗೂ ಒಂದು ಶತಮಾನಕ್ಕೂ ಮೀರಿ ಈ ಸ್ಥಿತಿ ಮುಂದುವರಿಯಿತು.

ಅಡತಿ ಅಂಗಡಿ

ರೈಲು ಸರಕನ್ನು ಸಾಗಿಸಿತು. ಅದನ್ನು ಕೂಡಿಸಿಕೊಟ್ಟವನು ಅಡತಿ. ಅವನನ್ನು ಬರಿಯ ಶೋಷಕನೆಂದು ಚಿತ್ರಿಸುವುದು ಸುಲಭ. ವಾಸ್ತವದಲ್ಲಿ ಅವನು ನಾಲ್ಕು ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತಿದ್ದನು: ಚಿಕ್ಕ ಚಿಕ್ಕ ರಾಶಿಗಳನ್ನು ಒಟ್ಟುಗೂಡಿಸುವುದು, ಮಾರಾಟವಾಗುವವರೆಗೆ ಕಾಪಿಡುವುದು, ದೂರದ ಖರೀದಿದಾರನನ್ನು ಹುಡುಕುವುದು ಹಾಗೂ ಬಿತ್ತನೆಯ ಕಾಲಕ್ಕೆ ರೈತನಿಗೆ ಮುಂಗಡ ಕೊಡುವುದು. ಸರಕಾರವಾಗಲಿ ಬ್ಯಾಂಕಾಗಲಿ ಈ ನಾಲ್ಕನೆಯ ಕೆಲಸಕ್ಕೆ ಬಾರದಿದ್ದ ಕಾಲದಲ್ಲಿ ಅವನಿಲ್ಲದೆ ಬಿತ್ತನೆ ನಡೆಯುವಂತಿರಲಿಲ್ಲ. ತೊಂದರೆ ಇದ್ದುದು ಈ ನಾಲ್ಕೂ ಕೆಲಸಗಳು ಒಬ್ಬನ ಕೈಯಲ್ಲಿಯೇ ಕೂಡಿದ್ದರಲ್ಲಿ. ಸಾಲ ಕೊಟ್ಟವನೇ ಮಾಲು ಕೊಳ್ಳಿಸುವವನಾದಾಗ ರೈತನಿಗೆ ಬೇರೆ ಅಂಗಡಿಯ ಮೆಟ್ಟಿಲೇರುವ ಸ್ವಾತಂತ್ರ್ಯ ಉಳಿಯುವುದಿಲ್ಲ.

ಬೆಲೆ ನಿಗದಿಯಾಗುತ್ತಿದ್ದ ರೀತಿಯೂ ಗಮನಾರ್ಹ. ದಲಾಲನೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಸೂಚಿಸುತ್ತಿದ್ದ ಪದ್ಧತಿ ದಖ್ಖಣದ ಪೇಟೆಗಳಲ್ಲಿ ರೂಢಿಯಲ್ಲಿತ್ತು. ಮಾಲಿನ ಒಡೆಯ ಪಕ್ಕದಲ್ಲಿಯೇ ನಿಂತಿದ್ದರೂ ತನ್ನ ಮಾಲಿನ ಬೆಲೆ ಅವನಿಗೆ ಕೊನೆಗೆ ತಿಳಿಯುತ್ತಿತ್ತು. ಆ ಬಳಿಕ ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯ ಎಂಬ ಕಡಿತಗಳು.

1879ರ ದಖ್ಖಣ ಕೃಷಿಕರ ಪರಿಹಾರ ಕಾಯಿದೆ ಪುಣೆ, ಅಹ್ಮದನಗರ, ಸಾತಾರಾಗಳೊಡನೆ ಸೊಲ್ಲಾಪುರ ಜಿಲ್ಲೆಗೂ ಅನ್ವಯಿಸಿತು. ಪಾವತಿಗೆ ರಸೀದಿ ಪಡೆಯುವ, ಸಾಲದ ಲೆಕ್ಕದ ವಾರ್ಷಿಕ ತಖ್ತೆ ಕೇಳುವ ಹಕ್ಕನ್ನು ಅದು ರೈತನಿಗೆ ಕೊಟ್ಟಿತು. ಆದರೆ ಬ್ರಿಟಿಷ್ ಜಿಲ್ಲೆಯ ಕಾಯಿದೆ ಸಂಸ್ಥಾನದ ಹಳ್ಳಿಗೆ ತಾನಾಗಿಯೇ ಸಲ್ಲುತ್ತಿರಲಿಲ್ಲ. ಅದಕ್ಕಿಂತ ಮೂಲಭೂತವಾದುದು ಲೆಕ್ಕವನ್ನು ಪಡೆಯುವ ಹಕ್ಕು ಬೇರೆ, ಓದುವ ಶಕ್ತಿ ಬೇರೆ ಎಂಬ ಸಂಗತಿ. ಮರಾಠಿಯ ಬರವಣಿಗೆಯಲ್ಲಿ ಆಡಳಿತಕ್ಕೂ ಲೆಕ್ಕಪತ್ರಕ್ಕೂ ಮೋಡಿ ಲಿಪಿ ಬಳಕೆಯಲ್ಲಿದ್ದ ಕಾಲವದು. ಮನೆಯಲ್ಲಿ ಕನ್ನಡವಾಡುವ, ಯಾವ ಲಿಪಿಯನ್ನೂ ಕಲಿಯದ ರೈತನಿಗೆ ಆ ಹಾಳೆ ಎರಡು ಪಟ್ಟು ದೂರವಾಗಿತ್ತು.

ಇಲ್ಲಿನ ವ್ಯವಹಾರದ ಪದಕೋಶವೇ ಈ ಸರಪಳಿಯ ನಕ್ಷೆಯಂತಿದೆ. ಕಣ, ರಾಶಿ, ಹಗೇವು, ಹೇರು, ಅಳತೆ ಇವು ಉತ್ಪಾದಕನ ತುದಿಯ ಪದಗಳು. ದಲಾಲ, ಹಮಾಲ, ಕೀರ್ದಿ, ಬಾಕಿ, ವಸೂಲಿ, ಜಕಾತಿ ಇವು ಪೇಟೆಯ ತುದಿಯವು, ಅರಬ್ಬಿ–ಪಾರಸಿ ಮೂಲದವು. ಧಾರವಾಡದ ಪೇಟೆಯಲ್ಲೂ ಇವೇ ಪದಗಳು ಬಳಕೆಯಲ್ಲಿರುವುದರಿಂದ, ಪದಗಳ ಎರವಲನ್ನು ಮಾತ್ರ ನೋಡಿ ಕನ್ನಡದ ಹಿನ್ನಡೆಯನ್ನು ಸಾಧಿಸಲಾಗದು. ಕನ್ನಡವು ಈ ಪದಗಳನ್ನು ತನ್ನವಾಗಿಸಿಕೊಂಡಿದೆ. ಗಡಿಸೀಮೆಯಲ್ಲಿ ಬೇರೆಯಾದುದು ಪದವಲ್ಲ, ಬರಹ: ಮಾತು ಕನ್ನಡದಲ್ಲಿ ನಡೆದು ದಾಖಲೆ ಇನ್ನೊಂದು ಭಾಷೆಯಲ್ಲಿ ಉಳಿಯುವ ಸ್ಥಿತಿ.

ಮರಳಿ ಬಂದ ಸರಕು

ಹಳ್ಳಿಯಿಂದ ಕಾಳು, ಹತ್ತಿ ಹೋದ ದಾರಿಯಲ್ಲಿಯೇ ಬಟ್ಟೆ ಮರಳಿ ಬಂದಿತು. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಮೊದಲ ಗಿರಣಿ ಆರಂಭವಾಯಿತು. ಶತಮಾನದ ಕೊನೆಯ ಹೊತ್ತಿಗೆ ಇನ್ನಷ್ಟು ಗಿರಣಿಗಳು ತಲೆಯೆತ್ತಿದವು. ತೆಲುಗು ಮಾತನಾಡುವ ಪದ್ಮಶಾಲಿ ನೇಕಾರರು ಕೈಮಗ್ಗಗಳನ್ನು ನಡೆಸಿದರು. ನೂಲು ಕೊಟ್ಟು ಬಟ್ಟೆ ಪಡೆಯುವ ಸಾಹುಕಾರನಿಗೂ ನೇಕಾರನಿಗೂ ಇದ್ದ ಸಂಬಂಧ, ಅಡತಿಗೂ ರೈತನಿಗೂ ಇದ್ದ ಸಂಬಂಧದ ಪ್ರತಿರೂಪವೇ ಆಗಿತ್ತು. ಡಿ. ಆರ್. ಗಾಡ್ಗೀಳರು ಈ ನಗರದ ಸಾಮಾಜಿಕ–ಆರ್ಥಿಕ ಸ್ವರೂಪವನ್ನು ಅಧ್ಯಯನಕ್ಕೆ ಆಯ್ದುಕೊಂಡದ್ದು ಅಕಾರಣವಲ್ಲ. ತೆಲುಗಿನವನು ನೇಯ್ದ ಚಾದರ ಮರಾಠಿ, ಗುಜರಾತಿ, ಕನ್ನಡಗಳನ್ನಾಡುವ ವ್ಯಾಪಾರಿಗಳ ಕೈಯಿಂದ ಕನ್ನಡದ ಹಳ್ಳಿಯ ಮದುವೆಮನೆಯನ್ನು ಸೇರಿತು. ಸೊಲ್ಲಾಪುರ ಚಾದರ ಇಂದು ಭೌಗೋಳಿಕ ಸೂಚಿಯ ಮನ್ನಣೆ ಪಡೆದಿದೆ.

ಹಳ್ಳಿಯ ತುದಿಯಲ್ಲಿ ಈ ಸರಕನ್ನು ಹಂಚಿದ್ದು ವಾರದ ಸಂತೆ ಮತ್ತು ಕಿರಾಣಿ ಅಂಗಡಿ. ಚಹಾಪುಡಿ, ಬೆಲ್ಲ, ಸಾಬೂನು, ಸೀಮೆಎಣ್ಣೆಗಳನ್ನು ಪಾವು, ಚಟಾಕುಗಳಲ್ಲಿ ಒಡೆದು ಕೊಡುವುದು ಅದರ ಕೆಲಸ. ಉದ್ರಿ ಅದರ ಜೀವ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಕಿಲೋ, ಲೀಟರುಗಳು ಬಂದರೂ ಸೇರು ಮಾತಿನಿಂದ ಬೇಗ ಮರೆಯಾಗಲಿಲ್ಲ.

ನಿಯಂತ್ರಣ ಮತ್ತು ಗಡಿ

1928ರ ಕೃಷಿ ರಾಯಲ್ ಆಯೋಗದ ಶಿಫಾರಸಿನ ತರುವಾಯ ಮುಂಬಯಿ ಪ್ರಾಂತ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯನ್ನು ಮಾಡಿತು. ಬಹಿರಂಗ ಹರಾಜು, ಪರವಾನಗಿ ಪಡೆದ ಅಡತಿ, ಪರೀಕ್ಷಿತ ತಕ್ಕಡಿ, ಗೊತ್ತುಪಡಿಸಿದ ಕಡಿತ ಇವು ನಿಯಂತ್ರಿತ ಮಾರುಕಟ್ಟೆಯ ತತ್ವಗಳಾದವು. ಬಟ್ಟೆಯ ಮರೆಯ ಬೆರಳುಗಳಿಗೆ ಅಲ್ಲಿ ಎಡೆ ಇರಲಿಲ್ಲ. 1948ರಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದುದರಿಂದ ಹಳೆಯ ಎಲ್ಲೆಯೊಂದು ಅಳಿಯಿತು. ಆದರೆ 1956ರ ರಾಜ್ಯ ಪುನರ್ವಿಂಗಡಣೆ ಹೊಸದೊಂದನ್ನು ಎಳೆಯಿತು. ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ಅಕ್ಕಲಕೋಟೆಯನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಯಾಗಲಿಲ್ಲ.

ಇದರಿಂದ ಭೀಮೆಯ ಎರಡು ದಡಗಳಿಗೆ ಎರಡು ಮಾರುಕಟ್ಟೆ ಕಾಯಿದೆಗಳಾದವು: ಉತ್ತರಕ್ಕೆ ಮಹಾರಾಷ್ಟ್ರದ 1963ರದು, ದಕ್ಷಿಣಕ್ಕೆ ಕರ್ನಾಟಕದ 1966ರದು. ಸರಕು ಮಾತ್ರ ಇಂಥ ವಿಭಜನೆಯನ್ನು ಪೂರ್ಣವಾಗಿ ಒಪ್ಪಲಿಲ್ಲ. ವಿಜಯಪುರ, ಕಲಬುರಗಿ ಕಡೆಯ ಉಳ್ಳಾಗಡ್ಡಿ ಇಂದಿಗೂ ಸೊಲ್ಲಾಪುರದ ಮಾರುಕಟ್ಟೆಗೆ ಬರುತ್ತದೆ. ದುಧನಿಯ ಪೇಟೆ ಗಡಿಯ ಎರಡೂ ಬದಿಯ ಮಾತನ್ನು ಕೇಳುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಗಡಿಯ ತೆರಿಗೆ ತಪಾಸಣೆಯ ನಾಕೆಗಳೂ ಇಲ್ಲವಾದವು.

ಹೀಗೆ ನೋಡಿದಾಗ ಎರಡು ನಿರ್ಣಯಗಳು ಸಾಧ್ಯ. ಮೊದಲನೆಯದು, ಸಾಗಣೆಯ ವೇಗ ಹೆಚ್ಚಿದ ಮಾತ್ರಕ್ಕೆ ಉತ್ಪಾದಕನ ಪಾಲು ಹೆಚ್ಚುವುದಿಲ್ಲ. ಕಣದಲ್ಲಿ ಅವನ ಕಣ್ಣೆದುರು ಇದ್ದ ಅಳತೆ, ಪ್ರತಿ ಹೊಸ ಕೊಂಡಿಯೊಂದಿಗೆ ಅವನಿಂದ ದೂರ ಸರಿಯಿತು. ಕಾಯಿದೆಗಳು ಅದನ್ನು ಮರಳಿ ತರಲು ಮಾಡಿದ ಪ್ರಯತ್ನ ಅರ್ಧ ದಾರಿಯಲ್ಲಿದೆ. ಎರಡನೆಯದು, ಗಡಿನಾಡಿನ ಕನ್ನಡದ ಪ್ರಶ್ನೆಯನ್ನು ಅಭಿಮಾನದ ಪ್ರಶ್ನೆಯೆಂದು ಮಾತ್ರ ಕಾಣುವುದು ಸಾಲದು. ತೂಕದ ಚೀಟಿಯನ್ನೂ ಹರಾಜಿನ ಪಟ್ಟಿಯನ್ನೂ ತನ್ನ ಭಾಷೆಯಲ್ಲಿ ಓದಬಲ್ಲ ರೈತ ತನ್ನ ಬೆಲೆಯನ್ನು ಪ್ರಶ್ನಿಸಬಲ್ಲ. ದ್ವಿಭಾಷಾ ಚೀಟಿಯೊಂದು ಮರಾಠಿಯಿಂದ ಏನನ್ನೂ ಕಸಿಯುವುದಿಲ್ಲ. ರೈತನಿಗೆ ಮಾತ್ರ ಬಹಳಷ್ಟನ್ನು ಕೊಡುತ್ತದೆ.

ಈ ಇತಿಹಾಸದ ಮುಖ್ಯ ಆಕರಗಳು ಸರಕಾರಿ ಪತ್ರಾಗಾರದ ಹೊರಗಿವೆ. 1884ರ ಸೊಲ್ಲಾಪುರ ಗೆಝೆಟಿಯರ್ ಪೇಟೆಯನ್ನು ಅಧಿಕಾರಿಯ ಕಣ್ಣಿನಿಂದ ಕಂಡಿತು. ಅಡತಿ ಅಂಗಡಿಗಳ ಕೀರ್ದಿ, ಖಾತೆಗಳು, ಹಳೆಯ ಮನೆಗಳ ಕಡತಗಳು, ಕಿರಾಣಿಯ ಉದ್ರಿ ವಹಿಗಳು ಅದನ್ನು ಒಳಗಿನಿಂದ ಕಂಡಿವೆ. ಅವುಗಳನ್ನು ಓದಲು ಮೋಡಿಯನ್ನೂ ಕನ್ನಡವನ್ನೂ ಬಲ್ಲವರು ಬೇಕು. ಅಂಥವರ ಸಂಖ್ಯೆ ಕುಗ್ಗುತ್ತಿದೆ. ವಹಿಗಳು ರದ್ದಿಯ ಅಂಗಡಿಯನ್ನು ಸೇರುವ ಮುನ್ನ ಅವುಗಳ ಪಟ್ಟಿಯನ್ನಾದರೂ ಸಿದ್ಧಪಡಿಸುವುದು ಎರಡೂ ಭಾಷೆಗಳ ವಿದ್ವಾಂಸರು ಕೂಡಿ ಮಾಡಬಹುದಾದ, ಮಾಡಲೇಬೇಕಾದ ಕೆಲಸ.