ಒಂದು ಮಹಾಪ್ರಾಣದ ದೂರ

ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ, ಹುಣಸೆ ಕೊಂಬೆ ಸಿಗಿಸಿ ದೀಪ ಹಚ್ಚುತ್ತೇವೆ. ಹಬ್ಬದ ಹೆಸರನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕೆಲವರಿಗೆ ಉತ್ಥಾನ ದ್ವಾದಶಿ, ಹಲವರಿಗೆ ಉತ್ತಾನ ದ್ವಾದಶಿ. ಆಷಾಢದಲ್ಲಿ ಮಲಗಿದ ವಿಷ್ಣು ನಾಲ್ಕು ತಿಂಗಳ ನಿದ್ದೆ ಮುಗಿಸಿ ಏಳುವ ದಿನವಾದ್ದರಿಂದ ಥಕಾರವೇ ಸರಿ. ಅಲ್ಪಪ್ರಾಣದ 'ಉತ್ತಾನ' ಎಂದರೆ ಅಂಗಾತ ಮಲಗಿದ್ದು. ಇನ್ನೂ ಬೋರಲು ಬೀಳಲು ಬಾರದ ಎಳೆಗೂಸಿಗೆ ಅಮರಕೋಶದಲ್ಲಿ 'ಉತ್ತಾನಶಯ' ಎಂಬ ಹೆಸರಿದೆ. ಕಾಗುಣಿತ ತಪ್ಪಿದರೆ ಏಳಬೇಕಾದ ದಿನವೇ ದೇವರನ್ನು ಅಂಗಾತ ಮಲಗಿಸಿದಂತಾಯಿತು. ಮಲಗಿದವನಿಗೂ ಎದ್ದವನಿಗೂ ನಡುವೆ ಒಂದೇ ಒಂದು ಮಹಾಪ್ರಾಣ! ಅಕ್ಷರಕ್ಕೆ ಮಹಾಪ್ರಾಣವೆಂದು ಹೆಸರಿಟ್ಟ ವೈಯಾಕರಣರು ಇಷ್ಟು ದೂರ ಯೋಚಿಸಿರಲಿಕ್ಕಿಲ್ಲ.

ಇದೇ ಉತ್ಥಾನ ಕನ್ನಡ ಕ್ರೈಸ್ತರ ಬಾಯಲ್ಲಿ 'ಪುನರುತ್ಥಾನ'ವಾಗಿ ಓಡಾಡುತ್ತದೆ. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅಲ್ಲಿಂದೀಚೆಗೆ ಎಷ್ಟೋ ಪರಿಷ್ಕರಣೆಗಳಾಗಿವೆ. ಇಂದಿನ ಕನ್ನಡ ಬೈಬಲ್ಲಿನಲ್ಲಿ ಈ ಪದ ಭದ್ರವಾಗಿ ಕೂತಿದೆ. ಗ್ರೀಕಿನ ಮೂಲ ಶಬ್ದ 'ಅನಾಸ್ತಾಸಿಸ್'. ಅದಕ್ಕೂ ನಮ್ಮ ಉತ್ಥಾನಕ್ಕೂ ದೂರದ ನೆಂಟಸ್ತನವುಂಟು. ಎರಡರ ಹೊಟ್ಟೆಯಲ್ಲೂ 'ಸ್ಥಾ' ಎಂಬ ಧಾತುವಿದೆ. ಎದ್ದು ನಿಲ್ಲುವುದು, ಅಷ್ಟೇ ಅರ್ಥ. ನಿಲ್ಲಬೇಕಾದರೆ ಕಾಲು ಬೇಕು. ಆತ್ಮ ಹಾರುತ್ತದೆ, ಸೇರುತ್ತದೆ, ಲೀನವಾಗುತ್ತದೆ. ಎದ್ದು ನಿಲ್ಲುವುದು ಮೈ ಇದ್ದವರ ಕೆಲಸ. ಕ್ರೈಸ್ತರು ತಮ್ಮ ನಂಬಿಕೆಯನ್ನು ಒಪ್ಪಿ ಹೇಳುವ ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ಆತ್ಮದ ಪುನರುತ್ಥಾನ ಎಂದಿಲ್ಲ, ಶರೀರದ ಪುನರುತ್ಥಾನ ಎಂದೇ ಇದೆ.

ಇಗರ್ಜಿಗೆ ಹೋಗುವವರಲ್ಲೂ ಅನೇಕರು ಇದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ನನ್ನ ಗುಮಾನಿ. ಸತ್ತ ಮೇಲೆ ಆತ್ಮ ಸ್ವರ್ಗಕ್ಕೆ, ದೇಹ ಮಣ್ಣಿಗೆ ಎಂದು ಲೆಕ್ಕ ಚುಕ್ತಾ ಮಾಡಿಬಿಡುತ್ತಾರೆ. ಅದಕ್ಕೆ ಕನ್ನಡದ ವಾತಾವರಣವೂ ಕಾರಣವಿರಬಹುದು. ನಮ್ಮಲ್ಲಿ ದೊಡ್ಡವರು ದೇಹ ಬಿಡುತ್ತಾರೆ, ಶರಣರು ಬಯಲಾಗುತ್ತಾರೆ. ಬಿಟ್ಟ ದೇಹವನ್ನು ಮತ್ತೆ ಯಾರು ಕೇಳುತ್ತಾರೆ? ಜೊತೆಗೆ 'ಪುನರ್ಜನ್ಮ' ಪಕ್ಕದಲ್ಲೇ ಕೂತಿದೆ. ಎರಡಕ್ಕೂ 'ಪುನರ್' ಇರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವವರು ಉಂಟು. ಪುನರ್ಜನ್ಮದಲ್ಲಿ ಹಳೆಯ ಮೈ ಹೋಗಿ ಹೊಸದು ಬರುತ್ತದೆ, ಹೆಸರು ಬೇರೆ, ತಾಯಿ ಬೇರೆ. ಪುನರುತ್ಥಾನದಲ್ಲಿ ಏಳುವುದು ಮಲಗಿದ ಮೈಯೇ. ಬದಲಾಗಿರುತ್ತದೆ, ಆದರೆ ಗುರುತು ಸಿಗುತ್ತದೆ. ಎದ್ದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಇದ್ದೇ ಇತ್ತು ಎನ್ನುತ್ತಾನೆ ಸುವಾರ್ತೆ ಬರೆದ ಯೋಹಾನ. ಇನ್ನೊಬ್ಬ ಸುವಾರ್ತಾಕಾರ ಲೂಕನಂತೂ ಭೂತವೆಂದು ಹೆದರಿದ ಶಿಷ್ಯರ ಎದುರಿಗೇ ಯೇಸುವಿಗೆ ಸುಟ್ಟ ಮೀನಿನ ತುಂಡು ತಿನ್ನಿಸುತ್ತಾನೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ನೋಡಿದವರಿಗೆ ಈ ಗುರುತಿನ ಮಾತು ಬೇರೆ ರೀತಿಯಲ್ಲಿ ಹತ್ತಿರವಾದೀತು. 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 300 ಮರಗಳು. ಚೋಳರ ಕಾಲದವು ಎಂದು ಊರವರ ಮಾತು. ಒಳಗೆ ಹಾಳುಬಿದ್ದ ಚೆನ್ನಕೇಶವನ ಗುಡಿ. ಬುಡ ಪೊಳ್ಳಾಗಿ ಇಬ್ಬರು ನುಸುಳುವಷ್ಟು ಬಾಯಿ ಬಿಟ್ಟ ಮರವೂ ಮೇಲೆ ಹಸಿರಾಗಿರುತ್ತದೆ. ಮೂಲ ಕಾಂಡ ಬಿದ್ದುಹೋದರೂ ಬೇರಿನಿಂದ ಹೊಸ ಕಾಂಡ ಮೇಲೆದ್ದು ಅದೇ ಜಾಗದಲ್ಲಿ ಮರ ಮುಂದುವರಿಯುತ್ತದೆ. ಅದೇ ಮರವೋ ಬೇರೆಯದೋ ಎಂದು ಕೇಳಿದರೆ ಊರವರು ನಿಮ್ಮನ್ನೇ ವಿಚಿತ್ರವಾಗಿ ನೋಡಿಯಾರು. ಸುತ್ತ ಎಷ್ಟೋ ಹೊಲ ಮಾಯವಾಗಿ ಲೇಔಟುಗಳು ಎದ್ದಿವೆ, ತೋಪು ಇದೆ.

ಆದರೆ ಈ ಹೋಲಿಕೆಯನ್ನು ನಂಬಿ ಬಹಳ ದೂರ ಹೋಗುವಂತಿಲ್ಲ. ಅದರ ಮಿತಿ ಬೈಬಲ್ಲಿನ ಯೋಬನಿಗೇ ಗೊತ್ತಿತ್ತು. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಆತ, ಕಡಿದ ಮರಕ್ಕಾದರೂ ನಂಬಿಕೆಯುಂಟು, ಬೇರು ಹಳತಾಗಿ ಮೋಟು ಒಣಗಿದರೂ ನೀರಿನ ವಾಸನೆ ಬಡಿದರೆ ಚಿಗುರುತ್ತದೆ, ಮನುಷ್ಯನಿಗೆ ಅಷ್ಟೂ ಇಲ್ಲವಲ್ಲ ಎಂದು ಜಗಳಕ್ಕೆ ನಿಲ್ಲುತ್ತಾನೆ. ನ್ಯಾಯವಾದ ಜಗಳವೇ. ಹುಣಸೆ ತಾನಾಗಿ ಏಳುವುದು ಬೇರಿನಲ್ಲಿ ಜೀವ ಉಳಿದಿರುವುದರಿಂದ. ಸತ್ತವನಲ್ಲಿ ಉಳಿದ ಬೇರು ಯಾವುದು?

ಇಲ್ಲಿ ನನಗೆ ಪುನರುತ್ಥಾನಕ್ಕಿಂತ ನಮ್ಮ 'ಎಬ್ಬಿಸು' ಹೆಚ್ಚು ಒಪ್ಪಿತವೆನಿಸುತ್ತದೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದ ಕನ್ನಡದಲ್ಲಿ ಎರಡು ಪದಗಳೂ ಇವೆ. ಪುನರುತ್ಥಾನ ಎಂದಾಗ ಏಳುವುದಷ್ಟೇ ಕಾಣುತ್ತದೆ. ಎಬ್ಬಿಸುವುದು ಎಂದಾಗ ಹಾಸಿಗೆಯ ಪಕ್ಕ ಇನ್ನೊಬ್ಬರು ನಿಂತಿರುತ್ತಾರೆ. ಕ್ರೈಸ್ತರ ಭರವಸೆ ಇರುವುದು ಆ ಇನ್ನೊಬ್ಬರ ಮೇಲೆ, ಮೈಯ ಸ್ವಂತ ಕಸುವಿನ ಮೇಲಲ್ಲ. ಅವರ ಸಾವಿನ ಭಾಷೆಯೂ ಇದಕ್ಕೆ ಒಗ್ಗಿಕೊಂಡಿದೆ. ಕರ್ತನಲ್ಲಿ ನಿದ್ರೆಹೋದರು ಎನ್ನುತ್ತಾರೆ. ಸಿಮಿಟ್ರಿ ಎಂದು ನಾವು ಕರೆಯುವ ಶಬ್ದದ ಗ್ರೀಕ್ ಮೂಲಕ್ಕೆ ಮಲಗುವ ಜಾಗ ಎಂದೇ ಅರ್ಥ. ಹಳೆಯ ಸಂಪ್ರದಾಯದಂತೆ ಅಲ್ಲಿ ಹೆಣವನ್ನು ಅಂಗಾತ, ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುತ್ತಿದ್ದರು, ಎದ್ದು ನಿಂತಾಗ ಮುಖ ಮೂಡಣಕ್ಕಿರಲಿ ಎಂದು. ಉತ್ತಾನದಿಂದ ಉತ್ಥಾನಕ್ಕೆ ಅಷ್ಟು ವಿವರವಾದ ತಯಾರಿ.

ಹಾಗಾದರೆ ಸುಟ್ಟವರ ಗತಿ? ಕಥೋಲಿಕ ಸಭೆ 1963ರಲ್ಲಿ ದಹನಕ್ಕೆ ಇದ್ದ ಅಡ್ಡಿ ಸಡಿಲಿಸಿತು. ಬೂದಿಯಿಂದಲೂ ಎಬ್ಬಿಸಬಲ್ಲವನಿಗೆ ಬೆಂಕಿ ಅಡ್ಡಬಾರದು ಎಂಬ ವಾದ. 2016ರ ಸೂಚನೆಯಲ್ಲಿ ಮಾತ್ರ ಬೂದಿಯನ್ನು ಗಾಳಿಗೆ ತೂರಬೇಡಿ, ನೀರಿಗೆ ಬಿಡಬೇಡಿ, ಪವಿತ್ರ ಜಾಗದಲ್ಲಿಡಿ ಎಂದಿತು. ಕಾವೇರಿಯಲ್ಲಿ ಅಸ್ಥಿ ಬಿಟ್ಟು ಹಗುರಾಗುವ ನೆರೆಯವರಿಗೆ ಇದು ವ್ಯಾಮೋಹವಾಗಿ ಕಂಡರೆ ಆಶ್ಚರ್ಯವಿಲ್ಲ. ವ್ಯಾಮೋಹವೇ ಇರಬಹುದು, ಮೈಯನ್ನು ಕಳಚಿಡುವ ಅಂಗಿ ಎಂದುಕೊಳ್ಳದವರ ವ್ಯಾಮೋಹ.

ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತೀರಿಕೊಳ್ಳುತ್ತಾಳೆ. ಮಗು ಸತ್ತಿಲ್ಲ, ನಿದ್ದೆಮಾಡುತ್ತಿದೆ ಎಂದ ಯೇಸುವನ್ನು ನೋಡಿ ಅಳುತ್ತಿದ್ದವರೇ ನಗುತ್ತಾರೆ. ಅವನು ಕೈ ಹಿಡಿದು ತನ್ನ ಮನೆಮಾತಾದ ಅರಮಾಯಿಕ್‌ನಲ್ಲಿ 'ತಲಿಥಾ ಕೂಮ್' ಎನ್ನುತ್ತಾನೆ. ಏಳು ಮಗಳೇ ಎಂದಂತೆ. ಬೆಳಿಗ್ಗೆ ಯಾವ ತಾಯಿಯೂ ಆಡುವ ಮಾತು. ಅಲ್ಲಿ ಪುನರುತ್ಥಾನ ಎಂಬ ಪದ ಬರುವುದಿಲ್ಲ. ಹುಡುಗಿ ಎದ್ದು ಓಡಾಡುತ್ತಾಳೆ, ಮನೆಯವರು ದಂಗಾಗಿ ನಿಂತಿರುತ್ತಾರೆ. ಅವನು ಅವರಿಗೆ ಹೇಳುವುದು ಎರಡೇ: ಇದನ್ನು ಯಾರಿಗೂ ಹೇಳಬೇಡಿ, ಇವಳಿಗೆ ತಿನ್ನಲು ಏನಾದರೂ ಕೊಡಿ.