ಅದೃಷ್ಟ ಚೀಟಿಯ ಉಳಿದರ್ಧ: ಮಂಗಳೂರಿನ ಸಹಾಯಾರ್ಥ ಆಟಗಳ ಲೆಕ್ಕಪತ್ರದ ಕುರಿತು

ಇಗರ್ಜಿಯ ಹಬ್ಬ, ಸಂಘದ ವಾರ್ಷಿಕೋತ್ಸವ, ಶಾಲೆಯ ಕಟ್ಟಡ ನಿಧಿಗೆಂದು ಏರ್ಪಡಿಸಿದ ಸಂಜೆ – ಮಂಗಳೂರಿನಲ್ಲಿ ಇಂಥ ಕಡೆಗಳಲ್ಲಿ ಅಂಕಿ ಕೂಗಿ ಆಡುವ ಹೌಸಿ ಹೌಸಿ ಮತ್ತು ಲಕ್ಕಿ ಕೂಪನ್ ಡ್ರಾ ಬಹುಕಾಲದಿಂದ ರೂಢಿಯಲ್ಲಿವೆ. ಈ ಊರಿನಲ್ಲಿ ಕ್ಯಾಸಿನೊ ಇಲ್ಲ. ಪರೋಪಕಾರಕ್ಕಾಗಿ ಅದೃಷ್ಟದ ಆಟವಾಡುವ ಪದ್ಧತಿಯನ್ನು ಇಲ್ಲಿ ಅಭ್ಯಾಸ ಮಾಡಬೇಕಾದವರು ಈ ಎರಡು ಆಟಗಳನ್ನೇ ನೋಡಬೇಕು. ಅವುಗಳಿಂದ ಎಷ್ಟು ಹಣ ಬಂತು ಎಂಬುದು ಮಹಾಸಭೆಯ ವರದಿಯಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಸಿಗುತ್ತದೆ. ಆ ಮೊತ್ತ ಹೇಗೆ ಕೂಡಿತು ಎಂಬುದಕ್ಕೆ ಬೇಕಾದ ದಾಖಲೆ ಮಾತ್ರ ಆ ಸಾಲಿನಲ್ಲಿರುವುದಿಲ್ಲ. ಮಾರಾಟವಾಗದೆ ಹಿಂದಿರುಗಿದ ಕೂಪನ್ ಮತ್ತು ಮಾರಾಟವಾದವುಗಳ ಕೌಂಟರ್‌ಫಾಯಿಲ್, ಇವೆರಡೇ ಈ ಆಟಗಳ ನಿಜವಾದ ಲೆಕ್ಕಪತ್ರ ಎಂಬುದು ಈ ಟಿಪ್ಪಣಿಯ ವಾದ.

ಒಂದು ಲೆಕ್ಕ ಹಾಕಿ ನೋಡೋಣ. ತಲಾ 20 ಹಾಳೆಯ 100 ಪುಸ್ತಕ ಅಚ್ಚಾಯಿತು. ಕೂಪನ್ ಬೆಲೆ 50 ರೂಪಾಯಿ. ಎಲ್ಲವೂ ಹೋದರೆ ಒಂದು ಲಕ್ಷ. ಕೋಶಾಧಿಕಾರಿಯ ಕೈಗೆ 76,000 ಬಂದಿದ್ದರೆ 480 ಕೂಪನ್‌ಗಳು ಹಾಗೆಯೇ ಉಳಿದು ಕಣ್ಣಿಗೆ ಕಾಣಬೇಕು. 410 ಮಾತ್ರ ಸಿಕ್ಕರೆ 70 ಕೂಪನ್‌ಗಳಿಗೆ, ಅಂದರೆ 3,500 ರೂಪಾಯಿಗೆ, ಯಾರಾದರೂ ವಿವರಣೆ ಕೊಡಬೇಕಾಗುತ್ತದೆ. ಹಣಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ: ಆ 70ರ ಕೌಂಟರ್‌ಫಾಯಿಲ್‌ಗಳು ಡ್ರಾ ಡಬ್ಬಿಯೊಳಗೆ ಬಿದ್ದಿದ್ದವೇ? ಬಿದ್ದಿದ್ದರೆ ದುಡ್ಡು ಕೊಟ್ಟವರ ಅವಕಾಶ ಅಷ್ಟರಮಟ್ಟಿಗೆ ಕುಗ್ಗಿತು. ಇಗರ್ಜಿಯಲ್ಲಾದರೆ ವಾರ್ಡಿನ ಗುರಿಕಾರರು, ಸಂಘದಲ್ಲಾದರೆ ಸಮಿತಿಯ ಸದಸ್ಯರು ಪುಸ್ತಕ ಒಯ್ಯುತ್ತಾರೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾರಿಗೆ ಕೊಟ್ಟದ್ದು, ಎಂದು ಹಿಂದೆ ಬಂದದ್ದು ಎಂದು ಸಹಿ ಹಾಕಿಸಿಕೊಂಡ ಒಂದು ವಹಿ ಇದ್ದರೆ ಒಳ್ಳೆಯ ಮನಸ್ಸಿನಿಂದ ದುಡಿದವರ ಮೇಲೆ ಸಂಶಯ ಬೀಳುವ ಸಂದರ್ಭವೇ ಬರುವುದಿಲ್ಲ. ಸ್ವಯಂಸೇವಕರ ಮಾನ ಕಾಯುವುದು ಈ ವಹಿಯೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಹೌಸಿಯ ದಾಖಲೆಯ ಸ್ವರೂಪವೇ ಬೇರೆ. ಟಿಕೆಟಿನಲ್ಲಿ 27 ಮನೆ, 15 ಅಂಕಿ; 1ರಿಂದ 90ರವರೆಗಿನ ಪ್ರತಿ ಅಂಕಿಯೂ ಆರು ಟಿಕೆಟಿನ ಪೂರ್ಣ ಹಾಳೆಯಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆದ್ದರಿಂದ ಅಂಕಿಗಳನ್ನು ಕೂಗಿದ ಕ್ರಮ ಮತ್ತು ಗೆದ್ದ ಟಿಕೆಟ್ ಎರಡೂ ಉಳಿದಿದ್ದರೆ, ಎಷ್ಟನೆಯ ಕೂಗಿಗೆ ಹದಿನೈದೂ ಅಂಕಿ ತುಂಬಿ ‘ಫುಲ್ ಹೌಸ್’ ಆಯಿತು, ಅದು ಸರಿಯೋ ‘ಬೋಗಿ’ಯೋ (ತಪ್ಪು ಘೋಷಣೆಯೋ) ಎಂದು ವರ್ಷಗಳ ನಂತರವೂ ಪರಿಶೀಲಿಸಬಹುದು. ಎಷ್ಟೋ ಕಡೆ ಬಹುಮಾನದ ಮೊತ್ತವನ್ನು ಆ ಸುತ್ತಿನಲ್ಲಿ ಮಾರಿದ ಟಿಕೆಟ್ ನೋಡಿ ನಿಗದಿ ಮಾಡುವುದರಿಂದ ಪ್ರತಿ ಸುತ್ತಿಗೂ ಪ್ರತ್ಯೇಕ ಲೆಕ್ಕ ಬೇಕು. ಇಡೀ ಸಂಜೆಯ ಒಟ್ಟು ಮೊತ್ತ ಬರೆದಿಟ್ಟರೆ ಏನನ್ನೂ ತಾಳೆ ನೋಡಲಾಗದು.

ಇಷ್ಟು ಸರಳವಾದ ದಾಖಲೆ ಏಕೆ ಉಳಿಯುವುದಿಲ್ಲ? ಉದಾಸೀನ ಒಂದು ಕಾರಣ. ಕಾನೂನಿನ ಅಂಜಿಕೆ ಇನ್ನೊಂದು ಎಂದು ನನ್ನ ಊಹೆ. 1956ರವರೆಗೆ ಮದರಾಸಿಗೆ ಸೇರಿದ್ದ ಈ ಜಿಲ್ಲೆ 1930ರ ಮದರಾಸು ಜೂಜು ಕಾಯ್ದೆಯನ್ನು ಕಂಡಿತ್ತು. ಆಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬಂತು. ಸರ್ಕಾರದ ಅನುಮತಿ ಇಲ್ಲದ ಲಾಟರಿಯನ್ನು ಅಪರಾಧವೆನ್ನುವ ದಂಡ ಸಂಹಿತೆಯ 294ಎ ಕಲಮು 1870ರಲ್ಲಿ ಸೇರಿದ್ದು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮಾಗಿ ಮುಂದುವರಿದಿದೆ. ಉದ್ದೇಶ ಪರೋಪಕಾರದ್ದು ಎಂಬುದಕ್ಕೆ ಆ ಕಲಮಿನಲ್ಲಿ ವಿನಾಯಿತಿ ಇಲ್ಲ. 2007ರ ಏಪ್ರಿಲ್ 1ರಿಂದ ಕರ್ನಾಟಕ ಲಾಟರಿಮುಕ್ತ ರಾಜ್ಯ. ಇಂಥ ಸ್ಥಿತಿಯಲ್ಲಿ ಕೂಪನ್ ಹಣವನ್ನು ‘ದೇಣಿಗೆ’ ಎಂದು ಬರೆದು ಮುಗಿಸುವ ಆಕರ್ಷಣೆ ಸಹಜ. ಬಹುಮಾನದ ಅವಕಾಶಕ್ಕಾಗಿ ಕೊಟ್ಟ ಹಣ ಮಾತ್ರ ದೇಣಿಗೆಯಾಗದು, ಅದಕ್ಕೆ ದೇಣಿಗೆಯ ತೆರಿಗೆ ರಿಯಾಯಿತಿಯ ರಸೀದಿ ಕೊಡುವುದೂ ಸಲ್ಲದು. 1961ರ ಆದಾಯ ತೆರಿಗೆ ಕಾಯ್ದೆಯ 194ಬಿ ಕಲಮು 10,000 ರೂಪಾಯಿ ಮೀರಿದ ಲಾಟರಿ ಬಹುಮಾನಕ್ಕೆ ಶೇ. 30 ತೆರಿಗೆ ಮುರಿದುಕೊಳ್ಳುವಂತೆ ಹೇಳಿತು. ಸ್ಕೂಟರಿನಂತಹ ವಸ್ತುವಾದರೆ ತೆರಿಗೆ ಕಟ್ಟಿದ್ದನ್ನು ಖಚಿತಪಡಿಸಿಕೊಂಡೇ ಕೀಲಿ ಕೊಡಬೇಕು. ದತ್ತಿ ಸಂಸ್ಥೆಗಳು ಲೆಕ್ಕದ ಕಾಗದಗಳನ್ನು 10 ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಬಂದ 17ಎಎ ನಿಯಮ ವಿಧಿಸಿತು.

ತಲಪಾಡಿ ದಾಟಿದರೆ ಚಿತ್ರ ಬದಲಾಗುತ್ತದೆ. 1967ರಲ್ಲಿ ಲಾಟರಿ ಇಲಾಖೆ ತೆರೆದ ಕೇರಳದಲ್ಲಿ, ಬಡರೋಗಿಗಳ ಚಿಕಿತ್ಸೆಗೆಂದು ಹುಟ್ಟಿದ ಕಾರುಣ್ಯ ಲಾಟರಿಯ ಟಿಕೆಟ್ ಮಂಜೇಶ್ವರದಲ್ಲಿ ಬಹಿರಂಗವಾಗಿ ಸಿಗುತ್ತದೆ. ಪ್ರತಿ ಟಿಕೆಟಿಗೂ ಸರಣಿ, ಸಂಖ್ಯೆ ಇರುತ್ತದೆ, ಫಲಿತಾಂಶ ಪ್ರಕಟವಾಗುತ್ತದೆ; ಯಾರೂ ಕೇಳದ ಬಹುಮಾನದ ಹಣ ಸರ್ಕಾರಕ್ಕೆ ಎಂದು ಲಾಟರಿಗಳ ಕುರಿತ 1998ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಪರವಾನಗಿ ಪಡೆದ ದತ್ತಿ ಸಂಸ್ಥೆಗಳ ಸ್ವಯಂಸೇವಕರು ಎರಡು ದಿನ ಕ್ಯಾಸಿನೊದಲ್ಲಿ ದುಡಿದು ಆದಾಯದ ಪಾಲು ಪಡೆಯುತ್ತಾರೆ. ಆ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು, ಖರ್ಚಿನ ವರದಿಯನ್ನು ನಿಯಂತ್ರಕರಿಗೆ ಸಲ್ಲಿಸಬೇಕು. ಎರಡೂ ಕಡೆ ಆಟಕ್ಕೆ ಆಟವೆಂಬ ಹೆಸರೇ ಇರುವುದರಿಂದ ಲೆಕ್ಕವೂ ಅದರ ಹೆಸರಿನಲ್ಲೇ ಉಳಿಯುತ್ತದೆ. ಲಾಟರಿಯಿಂದ ಬಡವರ ಮನೆ ಮುರಿದ ಅನುಭವದಿಂದ ಬಂದ ನಿಷೇಧವನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ಸಣ್ಣ ಸಹಾಯಾರ್ಥ ಆಟಗಳಿಗೆ ಮಿತಿ ಹಾಕಿ, ಲೆಕ್ಕ ಒಪ್ಪಿಸುವ ಷರತ್ತಿನೊಂದಿಗೆ ಸ್ಪಷ್ಟ ಅನುಮತಿಯ ದಾರಿಯೊಂದಿದ್ದರೆ ಮುಚ್ಚುಮರೆಗೆ ಕಾರಣವಿರುವುದಿಲ್ಲ.

ಅಂಥ ದಾರಿ ಆಗುವವರೆಗೆ ಸಮಿತಿಗಳಲ್ಲಿ ವಿನಂತಿಯಿಷ್ಟೆ: ಕೂಪನ್ ಅಚ್ಚಿಗೆ ಕೊಡುವ ಮೊದಲು ವಕೀಲರನ್ನು ಕೇಳಿ; ಈಗಾಗಲೇ ನಡೆದ ಆಟಗಳ ಕೌಂಟರ್‌ಫಾಯಿಲ್, ಮರಳಿದ ಪುಸ್ತಕ, ಬಹುಮಾನ ಪಡೆದವರ ಸಹಿಯ ಪಟ್ಟಿಗಳನ್ನು ಗುಜರಿಗೆ ಹಾಕದೆ ವರ್ಷವಾರು ಕಟ್ಟಿಡಿ.